ನಿಂತಲ್ಲೇ ನಿಂತ ಕಾರು ಸ್ಟಾರ್ಟ್ ಆಗದಿದ್ದರೆ: ಬ್ಯಾಟರಿ ಇಳಿದಿದೆಯೋ, ಸತ್ತಿದೆಯೋ, ಕರೆಂಟ್ ಸೋರುತ್ತಿದೆಯೋ?

ಒಂದೆರಡು ತಿಂಗಳು ಶೆಡ್ಡಿನಲ್ಲೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೋ ನಿಂತ ಕಾರಿನ ಕೀ ತಿರುಗಿಸಿದರೆ ಸೆಲ್ಫ್ ಎತ್ತುವುದಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ" ಎನ್ನುತ್ತಾರೆ. ಎಷ್ಟೋ ಸಲ ಹೋಗಿರುವುದಿಲ್ಲ, ಇಳಿದಿರುತ್ತದೆ ಅಷ್ಟೇ. ಬ್ಯಾಟರಿ ಬರೀ ಖಾಲಿಯಾಗಿರಬಹುದು, ಒಳಗಿನ ಪ್ಲೇಟುಗಳೇ ಕೆಟ್ಟಿರಬಹುದು, ಇಲ್ಲವೇ ಕಾರಿನ ಯಾವುದೋ ವಯರು ರಾತ್ರಿ ಹಗಲು ಕರೆಂಟ್ ಎಳೆಯುತ್ತಿರಬಹುದು. ಮೂರಕ್ಕೂ ಹೊರಗೆ ಕಾಣುವ ಲಕ್ಷಣ ಒಂದೇ, ಮದ್ದು ಬೇರೆಬೇರೆ. ಸೋರಿಕೆ ಇರುವ ಕಾರಿಗೆ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ವಾರಗಳಲ್ಲಿ ಮಲಗುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್ (ವಯರನ್ನು ಬ್ಯಾಟರಿಗೆ ಬಿಗಿಯುವ ಕೆಲವು ಕ್ಲಾಂಪಿಗೆ 12 ಅಥವಾ 13), ಜಂಪ್ ಕೇಬಲ್, 4–5 ಆಂಪಿನ 12 ವೋಲ್ಟ್ ಚಾರ್ಜರ್. ಇವುಗಳಲ್ಲಿ ಮಲ್ಟಿಮೀಟರ್ ಇಲ್ಲದೆ ಮುಂದಿನದೆಲ್ಲ ಬರೀ ಊಹೆ.

ನಿಂತ ಕಾರಿನ ಬ್ಯಾಟರಿ ಏಕೆ ಇಳಿಯುತ್ತದೆ

ಕೀ ತೆಗೆದು ಬೀಗ ಹಾಕಿದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಸೆಂಟ್ರಲ್ ಲಾಕ್ ರಿಮೋಟಿಗೆ ಕಿವಿಗೊಟ್ಟಿರುತ್ತದೆ, ಇಮ್ಮೊಬಿಲೈಸರ್ (ಬೇರೆ ಕೀಗೆ ಎಂಜಿನ್ ಹತ್ತದಂತೆ ತಡೆಯುವ ಕಾವಲು) ಎಚ್ಚರವಾಗಿರುತ್ತದೆ, ಗಡಿಯಾರ ಓಡುತ್ತದೆ, ಇಸಿಯು, ಅಂದರೆ ಕಾರಿನ ಕಂಪ್ಯೂಟರ್, ತನ್ನ ನೆನಪು ಉಳಿಸಿಕೊಂಡಿರುತ್ತದೆ. ಇವೆಲ್ಲ ಸೇರಿ 20ರಿಂದ 50 ಮಿಲಿಆಂಪ್ ಎಳೆದರೆ ಅದು ಸಹಜ. 30 ಮಿಲಿಆಂಪ್ ಎಂದುಕೊಂಡು ಲೆಕ್ಕ ಹಾಕಿ: ದಿನಕ್ಕೆ 0.72 ಆಂಪ್ ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್), ತಿಂಗಳಿಗೆ ಸುಮಾರು 22. ಪೆಟ್ರೋಲ್ ಹ್ಯಾಚ್‌ಬ್ಯಾಕಿನಲ್ಲಿ ಸಾಮಾನ್ಯವಾಗಿ ಇರುವುದು 35 ಆಂಪ್ ಅವರಿನ ಬ್ಯಾಟರಿ. ಅಂದರೆ ಯಾವ ದೋಷವೂ ಇಲ್ಲದ ಕಾರು ಕೂಡ ಒಂದು ತಿಂಗಳಲ್ಲಿ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚನ್ನು ತಿಂದಿರುತ್ತದೆ. ಎಳೆತ 50 ಮಿಲಿಆಂಪ್ ಇದ್ದರೆ ತಿಂಗಳಿಗೆ 36 ಆಂಪ್ ಅವರ್, ಅಲ್ಲಿಗೆ ಲೆಕ್ಕ ಮುಗಿಯಿತು.

ಇದರ ಮೇಲೆ ಬ್ಯಾಟರಿ ತನ್ನಷ್ಟಕ್ಕೆ ತಾನೂ ಇಳಿಯುತ್ತದೆ. ಶಾಖ ಹೆಚ್ಚಿದಷ್ಟೂ ಆ ಇಳಿತ ಚುರುಕು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿಗೂ ಮಡಿಕೇರಿಯಲ್ಲಿ ನಿಂತ ಕಾರಿಗೂ ಇಲ್ಲಿ ವ್ಯತ್ಯಾಸ ಬರುತ್ತದೆ.

ಇಳಿದದ್ದಕ್ಕಿಂತ ಇಳಿದ ಸ್ಥಿತಿಯಲ್ಲೇ ಬಿಟ್ಟದ್ದು ದೊಡ್ಡ ತಪ್ಪು. ಚಾರ್ಜ್ ಇಳಿದಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಕೊಟ್ಟರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಅಂಟಿಕೊಂಡು, ಆ ಜಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಡಿಕ್ಕಿಯ ಲೈಟ್ ಆರಿಸಲು ಮರೆತು ವಾರದೊಳಗೆ ಖಾಲಿಯಾದ ಬ್ಯಾಟರಿ ಸಾಮಾನ್ಯವಾಗಿ ಬದುಕುತ್ತದೆ. ಖಾಲಿಯಾಗಿ ಮೂರು ತಿಂಗಳು ಬಿದ್ದಿದ್ದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಮೊದಲು ಕಿವಿಗೊಡಿ

ಬಾನೆಟ್ ಎತ್ತಿ ಒಳಗೆ ಒಮ್ಮೆ ಇಣುಕದೆ ಸೆಲ್ಫ್ ಹೊಡೆಯಬೇಡಿ. ನಿಂತ ಕಾರಿನ ಎಂಜಿನ್ ಮೇಲೆ ಇಲಿ ಗೂಡು ಕಟ್ಟುವುದು ನಮ್ಮ ಕಡೆ ತೀರಾ ಸಾಮಾನ್ಯ, ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಒಣ ಎಲೆ, ಚಿಂದಿ ಬಟ್ಟೆ, ಹಿಕ್ಕೆ, ಕಡಿದ ವಯರಿನ ತಾಮ್ರದ ಎಳೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಎಳೆಗಳು ಕಾರಿನ ಲೋಹದ ಮೈಗೆ ತಾಗಿರುವಾಗ ಬ್ಯಾಟರಿ ಕೊಟ್ಟರೆ ಫ್ಯೂಸ್ ಹಾರುವುದಕ್ಕಷ್ಟೇ ಮುಗಿಯುವುದಿಲ್ಲ.

ವಯರುಗಳು ನೆಟ್ಟಗಿದ್ದರೆ ಕೀ ತಿರುಗಿಸಿ, ಶಬ್ದ ಮತ್ತು ಡ್ಯಾಶ್‌ಬೋರ್ಡಿನ ದೀಪ ಎರಡನ್ನೂ ಗಮನಿಸಿ.

ದೀಪವೇ ಇಲ್ಲ, ಶಬ್ದವೂ ಇಲ್ಲ: ಬ್ಯಾಟರಿ ಪೂರ್ತಿ ಖಾಲಿ, ಇಲ್ಲವೇ ಕ್ಲಾಂಪ್ ಸಡಿಲ, ಇಲ್ಲವೇ ಮುಖ್ಯ ಫ್ಯೂಸ್ ಹೋಗಿದೆ.

ದೀಪ ಬಂದು, ಸೆಲ್ಫ್ ಹೊಡೆದ ಕೂಡಲೇ ಮಂಕಾಗಿ "ಟಕಟಕಟಕ" ಎಂದರೆ ಬ್ಯಾಟರಿ ಇಳಿದಿರುವ ಸ್ಪಷ್ಟ ಗುರುತು. ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚು, ಸಾಲೆನಾಯ್ಡ್, ಎಳೆದುಕೊಳ್ಳುತ್ತದೆ, ಮೋಟರಿಗೆ ಕರೆಂಟ್ ಹರಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಸಾಲೆನಾಯ್ಡ್ ಕೈಬಿಡುತ್ತದೆ, ವೋಲ್ಟೇಜ್ ಮೇಲೆ ಬಂದು ಮತ್ತೆ ಎಳೆಯುತ್ತದೆ. ಆ ಟಕಟಕ ಇದೇ.

ಗಟ್ಟಿಯಾಗಿ ಒಂದೇ ಸಲ "ಟಕ್" ಎಂದು, ದೀಪ ಪ್ರಖರವಾಗಿಯೇ ಉಳಿದರೆ ಅನುಮಾನ ಸ್ಟಾರ್ಟರ್ ಮೋಟರ್ ಅಥವಾ ಎಂಜಿನ್ನನ್ನು ಬ್ಯಾಟರಿಯ ನೆಗೆಟಿವ್‌ಗೆ ಸೇರಿಸುವ ಅರ್ತ್ ವಯರಿನ ಮೇಲೆ. ದೀಪ ಪ್ರಖರ, ಶಬ್ದ ಏನೂ ಇಲ್ಲ ಎಂದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕ್ ಅಥವಾ ನ್ಯೂಟ್ರಲಿನಲ್ಲಿದೆಯಾ, ಇಮ್ಮೊಬಿಲೈಸರ್ ದೀಪ ಮಿಟುಕುತ್ತಿದೆಯಾ ನೋಡಿ. ಸೆಲ್ಫ್ ಚೆನ್ನಾಗಿಯೇ ತಿರುಗಿ ಎಂಜಿನ್ ಹತ್ತದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ. ಸುಮ್ಮನೆ ಹೊಡೆದು ಹೊಡೆದು ಇರುವ ಚಾರ್ಜನ್ನೂ ಕಳೆಯಬೇಡಿ.

ಟರ್ಮಿನಲ್

ಕ್ಲಾಂಪನ್ನು ಕೈಯಲ್ಲಿ ಹಿಡಿದು ತಿರುಚಿ. ಕೂದಲೆಳೆಯಷ್ಟೂ ಅಲ್ಲಾಡಬಾರದು. ದೀಪ ಉರಿಯುವಷ್ಟು ಕರೆಂಟ್ ಸಡಿಲ ಕ್ಲಾಂಪಿನಲ್ಲೂ ಹರಿಯುತ್ತದೆ, ಸೆಲ್ಫ್ ಕೇಳುವ 100–200 ಆಂಪ್ ಮಾತ್ರ ಹರಿಯುವುದಿಲ್ಲ.

ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ (ಕರಾವಳಿ, ಮಲೆನಾಡಿನಲ್ಲಿ ಕೂರದಿದ್ದರೇ ಆಶ್ಚರ್ಯ) ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಹಾಕುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಈ ಕ್ರಮ ಶಾಸ್ತ್ರಕ್ಕೆ ಹೇಳುವುದಲ್ಲ. ನೆಗೆಟಿವ್ ಇನ್ನೂ ಕೂತಿರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ನೇರ ಶಾರ್ಟ್, ಸ್ಪ್ಯಾನರ್ ಅಲ್ಲೇ ಬೆಸುಗೆಯಾಗಿ ಕೂರಬಹುದು. ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಪುಡಿಯ ಮೇಲೆ ಸುರಿದು, ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದ ಒಳಕ್ಕೆ ಇಳಿಯಬಾರದು, ಇಳಿದರೆ ಆಸಿಡ್ ಕೆಡುತ್ತದೆ. ಒರೆಸಿ ಒಣಗಿಸಿ, ಮರಳು ಕಾಗದದಿಂದ ಪೋಸ್ಟಿನ (ಬ್ಯಾಟರಿಯ ಮೇಲಿನ ಸೀಸದ ಗೂಟ) ಹೊರಮೈ ಮತ್ತು ಕ್ಲಾಂಪಿನ ಒಳಮೈ ಹೊಳೆಯುವಂತೆ ತಿಕ್ಕಿ, ಬಿಗಿಯಾಗಿ ಕೂರಿಸಿದ ಮೇಲಷ್ಟೇ ವ್ಯಾಸಲೀನ್ ಸವರಿ. ಮೊದಲೇ ಸವರಿದರೆ ಪೋಸ್ಟಿಗೂ ಕ್ಲಾಂಪಿಗೂ ನಡುವೆ ಅದೇ ಅಡ್ಡ ನಿಲ್ಲುತ್ತದೆ.

ಮೀಟರ್ ಏನು ಹೇಳುತ್ತದೆ

ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಎಲ್ಲ ಸ್ವಿಚ್ ಆಫ್ ಇರುವಾಗ ನೇರ ಪೋಸ್ಟಿನ ಸೀಸಕ್ಕೇ ಮುಟ್ಟಿಸಿ, ಕ್ಲಾಂಪಿಗಲ್ಲ.

12.6 ಅಥವಾ ಮೇಲೆ: ಪೂರ್ತಿ
12.4: ಮುಕ್ಕಾಲು
12.2: ಅರ್ಧ
12.0: ಕಾಲು
11.8ಕ್ಕಿಂತ ಕೆಳಗೆ: ಖಾಲಿ

ಚಾರ್ಜ್ ಮಾಡಿ ವಿಶ್ರಾಂತಿ ಕೊಟ್ಟ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದೆ. ಒಂದು ಸೆಲ್ಲಿಗೆ 2.1 ವೋಲ್ಟ್, ಐದಕ್ಕೆ 10.5. ಈ ಬ್ಯಾಟರಿಗೆ ಚಿಕಿತ್ಸೆ ಇಲ್ಲ.

ಕೆಲವು ಬ್ಯಾಟರಿಯ ಮೇಲೆ ಹಸಿರು ಚುಕ್ಕೆಯ ಕಿಟಕಿ ಇರುತ್ತದೆ. ಅದು ಒಂದೇ ಸೆಲ್ಲಿನ ಸುದ್ದಿ ಹೇಳುವುದು, ಉಳಿದ ಐದರ ಬಗ್ಗೆ ಅದಕ್ಕೆ ಗೊತ್ತಿಲ್ಲ. ಹಸಿರು ಕಂಡಿತೆಂದು ಬ್ಯಾಟರಿ ಸರಿ ಇದೆ ಎನ್ನಬೇಡಿ. ಮೈ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಆಸಿಡ್ ಒಸರುತ್ತಿದ್ದರೆ ಮೀಟರ್ ಏನೇ ಹೇಳಲಿ, ಜಂಪ್ ಕೊಡಬೇಡಿ, ಚಾರ್ಜ್‌ಗೂ ಹಾಕಬೇಡಿ.

ತುರ್ತಿದ್ದರೆ ಜಂಪ್

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಜಂಪ್ ಕೇಬಲ್ಲಿನ ಮೇಲೆ "500 ಆಂಪ್" ಎಂದು ಬರೆದಿರುತ್ತದೆ. ದಪ್ಪ ಪ್ಲಾಸ್ಟಿಕ್ ಸುಲಿದರೆ ಒಳಗೆ ಕಡ್ಡಿಯಷ್ಟು ಸಣ್ಣ, ತಾಮ್ರ ಬಳಿದ ಅಲ್ಯೂಮಿನಿಯಂ. ಪೆಟ್ರೋಲ್ ಕಾರಿಗೆ 16 ಚದರ ಮಿಲಿಮೀಟರಿನ, ಡೀಸೆಲ್ಲಿಗೆ 25ರ ಅಪ್ಪಟ ತಾಮ್ರದ ಕೇಬಲ್ ಇರಲಿ.

ಎರಡು ಕಾರುಗಳ ಮೈ ತಾಗಬಾರದು. ಎರಡೂ ಆಫ್, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಕೆಂಪು ಕ್ಲಿಪ್ಪನ್ನು ಇಳಿದ ಬ್ಯಾಟರಿಯ ಪಾಸಿಟಿವ್‌ಗೆ ಹಾಕಿ, ಅದರ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪನ್ನು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ ಹಾಕಿ, ಕೊನೆಯ ಕಪ್ಪು ಕ್ಲಿಪ್ಪನ್ನು ಇಳಿದ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ ಕಚ್ಚಿಸಿ, ಬ್ಯಾಟರಿಯಿಂದ ದೂರ. ಕೊನೆಯ ಕ್ಲಿಪ್ ಕಚ್ಚುವಾಗಲೇ ಕಿಡಿ ಹಾರುವುದು, ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಇರುತ್ತದೆ. ಅವೆರಡು ಒಂದು ಕಡೆ ಸೇರಬಾರದು.

ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ 5–10 ನಿಮಿಷ ಬಿಡಿ. ಬಹಳ ಜನ ಎಡವುವುದು ಇಲ್ಲೇ, ಹಾಕಿದ ಕೂಡಲೇ ಸೆಲ್ಫ್ ಹೊಡೆಯುತ್ತಾರೆ. ಆಮೇಲೆ ಐದು ಸೆಕೆಂಡ್ ಹೊಡೆಯಿರಿ, ಹತ್ತದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ. ನಾಲ್ಕು ಸಲಕ್ಕೂ ಎತ್ತದಿದ್ದರೆ ನಿಲ್ಲಿಸಿ, ಮೋಟರ್ ಸುಡುತ್ತದೆ. ಕೇಬಲ್ ಬಿಚ್ಚುವಾಗ ಹಾಕಿದ ಕ್ರಮಕ್ಕೆ ಪೂರ್ತಿ ಉಲ್ಟಾ.

ಲಾರಿ, ಬಸ್ಸಿನಿಂದ ಜಂಪ್ ಬೇಡ. ಅವುಗಳಲ್ಲಿ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರುತ್ತಾರೆ, ಕಾರಿನ ಇಸಿಯು ಸುಟ್ಟುಹೋಗಬಹುದು. ಪಕ್ಕದ ಮನೆಯಲ್ಲಿ ಕಾರಿಲ್ಲದಿದ್ದರೆ ಮನೆಯ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿ ಆದೀತು, ಕಾರನ್ನು ಅದರ ಹತ್ತಿರಕ್ಕೆ ತಳ್ಳಲು ಸಾಧ್ಯವಿದ್ದರೆ. ಇನ್ವರ್ಟರ್ ಆಫ್ ಮಾಡಿ, ಅದರ ವಯರುಗಳನ್ನು ಬ್ಯಾಟರಿಯಿಂದ ಬಿಚ್ಚಿ, ಮೇಲಿನ ಕ್ರಮದಲ್ಲೇ ಜಂಪ್ ಕೇಬಲ್ ಹಾಕಿ. ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿ ನಿಧಾನವಾಗಿ ಬಹಳ ಹೊತ್ತು ಕೊಡಲು ಮಾಡಿದ್ದು, ಒಮ್ಮೆಲೇ ಜೋರಾಗಿ ಕೊಡಲು ಅಲ್ಲ. ಅದಕ್ಕೇ ಇಪ್ಪತ್ತು ನಿಮಿಷ ಹಾಗೇ ಬಿಟ್ಟು, ಕಾರಿನ ಬ್ಯಾಟರಿಗೆ ಒಂದಿಷ್ಟು ಏರಿದ ಮೇಲೆ ಸೆಲ್ಫ್ ಹೊಡೆಯಿರಿ. ಮನೆಯಲ್ಲಿ ಎರಡು ಬ್ಯಾಟರಿಯ ಇನ್ವರ್ಟರ್ ಇದ್ದರೆ ಒಂದರಿಂದಷ್ಟೇ ತೆಗೆದುಕೊಳ್ಳಿ. ಕಾರಿನ ಬ್ಯಾಟರಿಯನ್ನೇ ಇನ್ವರ್ಟರಿಗೆ ಹಾಕಿ ಚಾರ್ಜ್ ಮಾಡುವ ಯೋಚನೆ ಮಾತ್ರ ಬಿಡಿ. 150 ಆಂಪ್ ಅವರಿನ ಬ್ಯಾಟರಿಗೆಂದು ಅದು ತಳ್ಳುವ ಕರೆಂಟ್ 35ರ ಬ್ಯಾಟರಿಗೆ ವಿಪರೀತ.

ತಳ್ಳು ಸ್ಟಾರ್ಟ್ ನಡೆಯುವುದು ಮ್ಯಾನುಯಲ್ ಗೇರಿನ ಕಾರಿಗೆ, ಅದೂ ಡ್ಯಾಶ್‌ಬೋರ್ಡಿನ ದೀಪ ಬರುವಷ್ಟಾದರೂ ಚಾರ್ಜ್ ಇದ್ದರೆ. ಪೂರ್ತಿ ಖಾಲಿಯಾಗಿದ್ದರೆ ಪೆಟ್ರೋಲ್ ಪಂಪಿಗೂ ಇಸಿಯುಗೂ ಕರೆಂಟಿಲ್ಲ, ಊರು ಸುತ್ತ ತಳ್ಳಿದರೂ ಹತ್ತದು. ಎಎಂಟಿ, ಸಿವಿಟಿ ಎಂಬ ಆಟೋಮ್ಯಾಟಿಕ್ ಗೇರಿನ ಕಾರುಗಳಿಗೆ ಇದು ಅನ್ವಯಿಸುವುದೇ ಇಲ್ಲ.

ಚಾರ್ಜ್: ರಾತ್ರಿಯಿಡೀ, ನಿಧಾನವಾಗಿ

ಜಂಪ್ ಕೊಟ್ಟು ಅರ್ಧ ಗಂಟೆ ಓಡಿಸಿದರೆ ಬ್ಯಾಟರಿ ತುಂಬಿತು ಎಂಬ ನಂಬಿಕೆಯೇ ಎಷ್ಟೋ ಬ್ಯಾಟರಿಗಳನ್ನು ಕೊಂದಿದೆ. ಖಾಲಿ ಬ್ಯಾಟರಿ ಮೊದಲು ಸರಸರ ಕುಡಿದು, ಮೇಲೆ ಬಂದಂತೆ ಗುಟುಕು ಗುಟುಕಾಗಿ ಮಾತ್ರ ತೆಗೆದುಕೊಳ್ಳುತ್ತದೆ. ಅರ್ಧ ಗಂಟೆಯ ಓಟದಲ್ಲಿ ಸೇರುವುದು ಅದರ ಒಂದು ಪಾಲು ಅಷ್ಟೇ. ಕಾಲು ಭಾಗ ತುಂಬಿದ ಬ್ಯಾಟರಿಯನ್ನು ಮತ್ತೆ ವಾರ ನಿಲ್ಲಿಸಿದರೆ ಸಲ್ಫೇಟ್ ಕೆಲಸ ಮುಂದುವರಿಸುತ್ತದೆ.

ಚಾರ್ಜಿಂಗ್ ಕರೆಂಟ್ ಬ್ಯಾಟರಿಯ ಆಂಪ್ ಅವರಿನ ಹತ್ತನೇ ಒಂದು ಭಾಗ ಇರಲಿ: 35ಕ್ಕೆ 3.5 ಆಂಪ್, 65ಕ್ಕೆ 6.5. ಪೂರ್ತಿ ಖಾಲಿಯಾದದ್ದಕ್ಕೆ 10–12 ಗಂಟೆ ಬೇಕು. ಅವಸರಕ್ಕೆ 15 ಆಂಪಿನಲ್ಲಿ ಎರಡು ಗಂಟೆಯಲ್ಲಿ ತುಂಬಿಸಿಕೊಡುತ್ತೇವೆ ಎನ್ನುವವರಿಗೆ ಕೊಡಬೇಡಿ, ಪ್ಲೇಟುಗಳು ಕಾದು ಬಾಗುತ್ತವೆ. ಕಾರಿನಲ್ಲೇ ಇಟ್ಟು ಚಾರ್ಜ್ ಮಾಡುವುದಾದರೆ ನೆಗೆಟಿವ್ ಬಿಚ್ಚಿಡಿ. ಮೊದಲು ಕ್ಲಿಪ್, ಆಮೇಲೆ ಗೋಡೆಯ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್, ಆಮೇಲೆ ಕ್ಲಿಪ್. ಗಾಳಿ ಆಡುವ ಜಾಗವಿರಲಿ, ಒಲೆಯಾಗಲಿ ದೇವರ ದೀಪವಾಗಲಿ ಹತ್ತಿರ ಬೇಡ. ಕೊಳೆತ ಮೊಟ್ಟೆಯ ವಾಸನೆ ಬಂದರೆ, ಮುಟ್ಟಲಾಗದಷ್ಟು ಬಿಸಿಯಾದರೆ ಕೂಡಲೇ ನಿಲ್ಲಿಸಿ.

ಮುಚ್ಚಳ ಬಿಚ್ಚಬಹುದಾದ ಬ್ಯಾಟರಿಯಲ್ಲಿ ನೀರು ಪ್ಲೇಟಿಗಿಂತ ಕೆಳಗಿದ್ದರೆ, ಮೊದಲು ಪ್ಲೇಟು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜ್ ಮಾಡಿ. ಗುರುತಿನವರೆಗೆ ತುಂಬಿಸುವುದು ಚಾರ್ಜ್ ಮುಗಿದ ಮೇಲೆ. ಮೊದಲೇ ತುಂಬಿಸಿದರೆ ಉಕ್ಕಿ ಹೊರಬರುತ್ತದೆ. ನಲ್ಲಿ ನೀರು ಬೇಡ, ಆರ್‌ಒ ನೀರೂ ಬೇಡ, ಆಸಿಡ್ ಅಂತೂ ಬೇಡವೇ ಬೇಡ.

ಸ್ಮಾರ್ಟ್ ಚಾರ್ಜರಿಗೆ ಒಂದು ಹಠವಿದೆ. ಬ್ಯಾಟರಿಯಲ್ಲಿ ಮೂರೋ ನಾಲ್ಕೋ ವೋಲ್ಟ್ ಮಾತ್ರ ಉಳಿದಿದ್ದರೆ ಬ್ಯಾಟರಿಯೇ ಇಲ್ಲವೆಂದು ತಿಳಿದು ಸುಮ್ಮನಿರುತ್ತದೆ. ಆಗ ಒಳ್ಳೆಯ 12 ವೋಲ್ಟ್ ಬ್ಯಾಟರಿಯೊಂದನ್ನು ಜಂಪ್ ಕೇಬಲ್ಲಿನಿಂದ ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಸೇರಿಸಿ ಚಾರ್ಜರ್ ಹಾಕಿದರೆ ಅದು ಎಚ್ಚರಗೊಳ್ಳುತ್ತದೆ. ಅರ್ಧ ಗಂಟೆಯ ನಂತರ, ಚಾರ್ಜರ್ ಆಫ್ ಮಾಡಿ ಒಳ್ಳೆಯದನ್ನು ಕಳಚಿ, ಇಳಿದದ್ದಕ್ಕೆ ಒಂದಕ್ಕೇ ಮುಂದುವರಿಸಿ. ಹತ್ತಿರವೇ ಇರಿ, ಬಿಸಿ ನೋಡುತ್ತಿರಿ.

ಬದುಕಿದೆಯೋ ಇಲ್ಲವೋ

ಚಾರ್ಜ್ ಮುಗಿದ ತಕ್ಷಣ ಮೀಟರ್ 13ರ ಹತ್ತಿರ ತೋರಿಸುತ್ತದೆ. ಅದು ತೋರಿಕೆಯ ಚಾರ್ಜ್. ನೆಗೆಟಿವ್ ಬಿಚ್ಚಿಟ್ಟು ಒಂದು ರಾತ್ರಿ ಬಿಟ್ಟು ಮರುದಿನ ನೋಡಿ. 12.6 ಉಳಿದಿದ್ದರೆ ಒಳ್ಳೆಯದು. 12.3ಕ್ಕೆ ಜಾರಿದ್ದರೆ ಸಲ್ಫೇಟ್ ಅರ್ಧ ನುಂಗಿದೆ.

ಎರಡನೆಯ ಪರೀಕ್ಷೆ ಸೆಲ್ಫಿನದ್ದು. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಪೋಸ್ಟಿನ ಮೇಲೆ ಮೀಟರ್ ಹಿಡಿಯಲಿ. 9.6 ವೋಲ್ಟಿಗಿಂತ ಕೆಳಗೆ ಹೋಗಬಾರದು. 12.6 ತೋರಿಸಿದ ಬ್ಯಾಟರಿ ಇಲ್ಲಿ 8ಕ್ಕೆ ಬಿದ್ದರೆ ವೋಲ್ಟೇಜ್ ಇದೆ, ಕಸುವಿಲ್ಲ. ಅದನ್ನು ಬದಲಿಸಿ. 10ರ ಮೇಲೆಯೇ ನಿಂತರೂ ಸೆಲ್ಫ್ ಸೋಮಾರಿಯಾಗಿ ತಿರುಗಿದರೆ ಮೀಟರಿನ ಒಂದು ಕಡ್ಡಿ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಮತ್ತೆ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ವಯರು ತುಕ್ಕು ಹಿಡಿದಿದೆ.

ಅಂಗಡಿಯ ಕೈ ಟೆಸ್ಟರ್ ಒಳ್ಳೆಯ ಸಾಧನವೇ, ಆದರೆ ಇಳಿದ ಬ್ಯಾಟರಿಗೆ ಹಿಡಿದರೆ ಬಹುಪಾಲು "ಬದಲಿಸಿ" ಎಂದೇ ಬರುತ್ತದೆ. ಪೂರ್ತಿ ಚಾರ್ಜ್ ಮಾಡಿ ಒಯ್ಯಿರಿ. ಬದಲಿಸುವುದೇ ಆದರೆ 38ಬಿ20ಎಲ್ ಅಂಥ ಸಂಕೇತವನ್ನು ಕೊನೆಯ ಅಕ್ಷರದವರೆಗೆ ಹೋಲಿಸಿ. ಕೊನೆಯ ಎಲ್ ಅಥವಾ ಆರ್ ತಪ್ಪಿದರೆ ಪಾಸಿಟಿವ್ ಪೋಸ್ಟ್ ಇನ್ನೊಂದು ಬದಿಗೆ ಬಂದು ವಯರು ಎಟುಕುವುದಿಲ್ಲ. ಸ್ಟಾರ್ಟ್-ಸ್ಟಾಪ್ (ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ಆರಿ ಮತ್ತೆ ಹತ್ತುವ ವ್ಯವಸ್ಥೆ) ಇರುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಎಂಬ ಬಗೆಯ ಬ್ಯಾಟರಿ, ಮೊದಲು ಯಾವುದಿತ್ತೋ ಅದೇ. ಹಳೆಯದನ್ನು ಗುಜರಿಗೆ ಹಾಕದೆ ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಡಿತ ಸಿಗುತ್ತದೆ.

ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ಪರೀಕ್ಷೆ ಸುಲಭ: ಎಂಜಿನ್ ಓಡುವಾಗ ಪೋಸ್ಟಿನಲ್ಲಿ 13.8ರಿಂದ 14.5. ಹೊಸ ಕಾರುಗಳಲ್ಲಿ ಇಸಿಯು ಇದನ್ನು ಏರಿಳಿಸುತ್ತದೆ, ಒಮ್ಮೆ 12.8 ಕಂಡರೆ ಗಾಬರಿ ಬೇಡ, ಹೆಡ್‌ಲೈಟ್ ಹಾಕಿ ನೋಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವಯರು ಕಿತ್ತು "ಡೈನಮೋ ಚೆಕ್" ಮಾಡುವ ಹಳೆಯ ಮೆಕ್ಯಾನಿಕ್ಕುಗಳಿಗೆ ಕೈ ಮುಗಿದು ಬೇಡ ಎನ್ನಿ. ಆ ಕ್ಷಣ ಏಳುವ ವೋಲ್ಟೇಜ್ ಇಸಿಯುವನ್ನು ಬಲಿ ತೆಗೆದುಕೊಳ್ಳಬಹುದು.

ಸೋರಿಕೆ ಹಿಡಿಯುವುದು

ಬ್ಯಾಟರಿ ಚೆನ್ನಾಗಿದ್ದು, ವಾರ ನಿಂತರೆ ಇಳಿಯುತ್ತಿದೆ ಎಂದಾದರೆ ಈ ಕೆಲಸಕ್ಕೆ ಒಂದು ಮಧ್ಯಾಹ್ನ ಮೀಸಲಿಡಿ. ಮನೆಯಲ್ಲಿರುವ ಮಾಮೂಲಿ ಕ್ಲಾಂಪ್ ಮೀಟರ್ ಎಸಿ ಮಾತ್ರ ಅಳೆಯುತ್ತದೆ, ಇಲ್ಲಿ ಉಪಯೋಗಕ್ಕಿಲ್ಲ.

ಚಾಲಕನ ಕಿಟಕಿ ಇಳಿಸಿ, ಬಾಗಿಲು ತೆರೆದೇ ಇಟ್ಟು, ಬಾಗಿಲಿನ ಅಂಚಿನ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಎರಡು ಸಲ "ಕಟಕ್" ಅನ್ನಿಸಿ. ಈಗ ಕಾರಿನ ಪಾಲಿಗೆ ಬಾಗಿಲು ಮುಚ್ಚಿದೆ, ನಿಮಗೆ ಫ್ಯೂಸ್ ಪೆಟ್ಟಿಗೆ ಎಟುಕುತ್ತದೆ. (ಕೆಲಸ ಮುಗಿದ ಮೇಲೆ ಹಿಡಿ ಎಳೆದು ಕೊಕ್ಕೆ ಬಿಡಿಸಿಯೇ ಬಾಗಿಲು ಹಾಕಿ, ಇಲ್ಲದಿದ್ದರೆ ಲಾಕ್ ಮುರಿಯುತ್ತದೆ.) ಕೀಲೆಸ್ ಕಾರಾದರೆ ಕೀಯನ್ನು ಮನೆಯೊಳಗೆ ದೂರ ಇಡಿ. ಮೀಟರಿನ ಕೆಂಪು ವಯರನ್ನು 10 ಆಂಪಿನ ತೂತಿಗೆ ಬದಲಿಸಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಪೋಸ್ಟಿಗೂ ನಡುವೆ ಮೀಟರ್ ಸೇರಿಸಿ. ಈಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಮೊದಲು ಕೆಲವು ಆಂಪ್ ತೋರಿಸಬಹುದು. ಇಸಿಯುಗಳು ಒಂದೊಂದಾಗಿ ಮಲಗಲು 20–40 ನಿಮಿಷ ಹಿಡಿಯುತ್ತದೆ, ಕಾಯಿರಿ. ಕೊನೆಗೆ 0.05 ಆಂಪಿಗಿಂತ ಕೆಳಗೆ ನಿಂತರೆ ಸೋರಿಕೆ ಇಲ್ಲ, ಕಾರು ನಿಂತದ್ದೇ ಕಾರಣ. 0.4ರ ಆಸುಪಾಸಾದರೆ ಎಲ್ಲೋ ಒಂದು 5 ವಾಟಿನ ಬಲ್ಬ್ ಉರಿಯುತ್ತಿದೆ, ಹೆಚ್ಚಾಗಿ ಡಿಕ್ಕಿಯದ್ದು ಅಥವಾ ಗ್ಲವ್‌ಬಾಕ್ಸಿನದ್ದು. 35ರ ಬ್ಯಾಟರಿ ಅದಕ್ಕೆ ಮೂರೂವರೆ ದಿನದ ಊಟ. ಬಲ್ಬ್ ಉರಿಯುತ್ತಿದೆಯೇ ನೋಡಲು ಡಿಕ್ಕಿಯೊಳಗೆ ಫೋನಿನ ವಿಡಿಯೋ ಚಾಲೂ ಮಾಡಿಟ್ಟು ಮುಚ್ಚಿ.

ನಡುವಿನ ಸಂಖ್ಯೆಯಾದರೆ ಹೊರಗಿನಿಂದ ಹಾಕಿಸಿದ್ದನ್ನು ಮೊದಲು ಕಳಚಿ: ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಓಬಿಡಿ ಸಾಕೆಟ್ಟಿಗೆ (ದೋಷ ಪತ್ತೆಗೆಂದು ಸ್ಟೀರಿಂಗ್ ಕೆಳಗಿರುವ ಸಾಕೆಟ್) ಸಿಕ್ಕಿಸಿದ ಸಾಧನ, ಆಂಪ್ಲಿಫೈಯರ್. ಅಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋ ಮೇಲೆ ಹೆಚ್ಚು ಅನುಮಾನ ಇರಲಿ. ಅದರ ಹಳದಿ ವಯರು ಸದಾ ಕರೆಂಟ್ ಇರುವ ಕಡೆಗೂ ಕೆಂಪು ವಯರು ಕೀ ತಿರುಗಿಸಿದಾಗ ಮಾತ್ರ ಬರುವ ಕಡೆಗೂ ಹೋಗಬೇಕು. ಅವಸರದಲ್ಲಿ ಎರಡನ್ನೂ ಸೇರಿಸಿ ಹಳದಿಗೇ ತಿರುಚಿ ಟೇಪು ಸುತ್ತಿದ್ದರೆ, ಪರದೆ ಆರಿದಂತೆ ಕಂಡರೂ ಒಳಗೆ ಎಚ್ಚರವಾಗಿರುತ್ತದೆ. ಫಾಸ್ಟ್‌ಟ್ಯಾಗನ್ನು ದೂರಬೇಡಿ, ಅದು ಕಾರಿನ ಬ್ಯಾಟರಿಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಆಮೇಲೂ ಇಳಿಯದಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮೀಟರ್ ನೋಡಿ. ಯಾವುದನ್ನು ಕಿತ್ತಾಗ ಕರೆಂಟ್ ಕುಸಿಯಿತೋ ತಪ್ಪು ಆ ಸರ್ಕ್ಯೂಟಿನಲ್ಲಿದೆ. ಎಲ್ಲ ಕಿತ್ತರೂ ಕುಸಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು, ಅಲ್ಲಿಂದ ಮುಂದೆ ಆಟೋ ಎಲೆಕ್ಟ್ರಿಷಿಯನ್ ಕೆಲಸ.

ಮುಂದಿನ ಸಲ ನಿಲ್ಲಿಸುವ ಮುಂಚೆ

"ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡಪ್ಪ" ಎಂದು ವಾಚ್‌ಮನ್ ಕೈಗೆ ಕೀ ಕೊಟ್ಟು ಹೋಗುವುದು ಪದ್ಧತಿ. ವಾರದಲ್ಲಿ ಸೋರಿದ್ದು 5 ಆಂಪ್ ಅವರ್, ಐದು ನಿಮಿಷದ ಐಡ್ಲಿಂಗಿನಲ್ಲಿ ಮರಳುವುದು ಒಂದೂ ಇಲ್ಲ. ಜೊತೆಗೆ ಬಿಸಿಯೇರದ ಎಂಜಿನ್ ಆಯಿಲಿನಲ್ಲಿ ತೇವ ಕೂರುತ್ತದೆ. ಓಡಿಸುವವರಿದ್ದರೆ ಎರಡು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ರಸ್ತೆಯ ಮೇಲೆ ಓಡಿಸಲಿ, ಇಲ್ಲದಿದ್ದರೆ ಮುಟ್ಟದಿರಲಿ.

ಮೂರು ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಬಿಚ್ಚಿ, ಕ್ಲಾಂಪಿಗೆ ಬಟ್ಟೆ ಸುತ್ತಿಡಿ. ಶೆಡ್ಡಿನಲ್ಲಿ ಪ್ಲಗ್ ಇದ್ದರೆ ಸುಮಾರು 13.6 ವೋಲ್ಟಿನಲ್ಲಿ ಕಾಯುವ ಫ್ಲೋಟ್ ಚಾರ್ಜರ್ ಇನ್ನೂ ಒಳ್ಳೆಯದು. ನೆಗೆಟಿವ್ ತೆಗೆದರೆ ಗಡಿಯಾರ, ರೇಡಿಯೋ ಸ್ಟೇಷನ್ ಅಳಿಯುತ್ತವೆ, ಕಿಟಕಿಯ ಒಂದೇ ಒತ್ತಿನ ಏರಿಕೆಯನ್ನು ಮತ್ತೆ ಕಲಿಸಬೇಕಾಗಬಹುದು. ಕೆಲವು ಸ್ಟೀರಿಯೋ ಕೋಡ್ ಕೇಳುತ್ತವೆ, ಮುಂಚೆಯೇ ಬರೆದಿಟ್ಟುಕೊಳ್ಳಿ. ಬ್ಯಾಟರಿ ಇಲ್ಲದ ಕಾರಿಗೆ ರಿಮೋಟ್ ಕೆಲಸ ಮಾಡದು. ಸ್ಮಾರ್ಟ್ ಕೀಯ ಹೊಟ್ಟೆಯಲ್ಲಿರುವ ಲೋಹದ ಕೀಯನ್ನು ಹೊರಗೆಳೆದು ಚಾಲಕನ ಬಾಗಿಲಿಗೆ ಹಾಕಿ, ತಿರುಗುತ್ತದೆಯೇ ಎಂದು ನೆಗೆಟಿವ್ ಬಿಚ್ಚುವ ಮುಂಚೆಯೇ ನೋಡಿ. ಬಳಸದೆ ಬಿಟ್ಟ ಬೀಗ ಬಿಗಿದುಕೊಂಡಿರುತ್ತದೆ. ಡಿಕ್ಕಿ ಸ್ವಿಚ್ಚಿನಿಂದ ಮಾತ್ರ ತೆರೆಯುವಂಥದ್ದಾದರೆ ಜಂಪ್ ಕೇಬಲ್ಲನ್ನು ಅಲ್ಲಿಡದೆ ಹಿಂದಿನ ಸೀಟಿನ ಮೇಲಿಡಿ.